"ಮೆತ್ತಗಿರೋ ಸೀಟು ಹಾಕಿ" ಅಂದವರಿಗೆ ಮೊದಲು ಏನು ಕೇಳಬೇಕು

ಸೈಕಲ್ ಅಂಗಡಿಗೆ ಬರುವ ಹೆಣ್ಣುಮಕ್ಕಳು ಸೀಟಿನ ಬಗ್ಗೆ ಹೇಳುವುದು ಹೆಚ್ಚುಕಮ್ಮಿ ಒಂದೇ ಮಾತು: "ಅಣ್ಣಾ, ಇದು ತುಂಬ ಗಟ್ಟಿ, ಮೆತ್ತಗಿರೋದು ಯಾವುದಾದ್ರೂ ಹಾಕಿ." ಅಂಗಡಿಯವರೂ ಹಿಂದೆಮುಂದೆ ನೋಡದೆ ನೇತುಹಾಕಿದ ಜೆಲ್ ಕವರ್ ಇಳಿಸಿ ಕೊಡುತ್ತಾರೆ, ಇಲ್ಲವೇ ಡಬ್ಬದ ಮೇಲೆ 'ಲೇಡೀಸ್' ಎಂದಿರುವ ಅಗಲದ ಸೀಟು ಕೊಡುತ್ತಾರೆ. ವ್ಯಾಪಾರವೇನೋ ಆಯಿತು, ನೋವು ಮಾತ್ರ ಹಾಗೇ ಉಳಿಯಿತು. ಫಿಟ್ಟಿಂಗ್ ಕೆಲಸ ಮಾಡುವವರು ಮೊದಲು ಬಿಡಬೇಕಾದ ಚಾಳಿ ಇದು. ಸೀಟು ಗಟ್ಟಿ ಎನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ತಪ್ಪು ಅಗಲ, ತಪ್ಪು ಎತ್ತರ, ಮೇಲೆದ್ದ ಮೂತಿ (ಸೀಟಿನ ಕಿರಿದಾದ ಮುಂತುದಿ) ಅಥವಾ ದೂರವಾದ ಹ್ಯಾಂಡಲ್.

ಆದ್ದರಿಂದ ಮೊದಲ ಪ್ರಶ್ನೆ "ಎಷ್ಟರದ್ದು ಬೇಕು" ಅಲ್ಲ, "ಎಲ್ಲಿ ನೋಯುತ್ತದೆ". ಗಂಡಸು ಮೆಕ್ಯಾನಿಕ್ ಎದುರು ಇದಕ್ಕೆ ಬಾಯಿಬಿಟ್ಟು ಉತ್ತರ ಹೇಳಲು ಯಾರಿಗೂ ಮುಜುಗರವೇ. ಒಂದು ಸೀಮೆಸುಣ್ಣ ಕೊಟ್ಟು, "ಸೀಟಿನ ಮೇಲೆ ಎಲ್ಲಿ ಒತ್ತುತ್ತದೋ ಅಲ್ಲಿ ಗುರುತು ಹಾಕಿ ಮೇಡಂ" ಎಂದು ಹೇಳಿ ಪಕ್ಕಕ್ಕೆ ಸರಿದರೆ ಸಾಕು. ಗುರುತು ಹಿಂದೆ ಎರಡು ಬದಿಗೆ ಬಿದ್ದರೆ ಮೂಳೆಯ ನೋವು. ನಡುವೆ ಮುಂಭಾಗದಲ್ಲಿ ಬಿದ್ದರೆ ಮೃದು ಭಾಗದ ಒತ್ತಡ. ಮೂತಿಯ ಪಕ್ಕಗಳಲ್ಲಿ ಬಿದ್ದರೆ ತೊಡೆಸಂದು ಉಜ್ಜುತ್ತಿದೆ. ಒಂದೇ ಬದಿಗೆ ಬಿದ್ದರೆ ಸೀಟು ಓರೆಯಾಗಿದೆ, ಕೆಳಗಿನ ಕಂಬಿ ಬಾಗಿದೆ, ಅಥವಾ ಸವಾರರ ಕಾಲುಗಳ ಉದ್ದದಲ್ಲಿ ವ್ಯತ್ಯಾಸ ಇರಬಹುದು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಕೂತಾಗ ಮೈಭಾರ ಹೊರಬೇಕಾದ್ದು ಸೊಂಟದ ಕೆಳತುದಿಯ ಎರಡು ಮೂಳೆಯ ಉಬ್ಬುಗಳು. ಸೈಕಲ್‌ನವರು 'ಸಿಟ್ ಬೋನ್' ಎನ್ನುವುದು ಇದಕ್ಕೇ. ಇವು ಸೀಟಿನ ಗಟ್ಟಿ ಭಾಗದ ಮೇಲೆ ಸರಿಯಾಗಿ ಕೂತರೆ ನಡುವಿನ ಮಾಂಸಲ ಭಾಗಕ್ಕೆ ಭಾರ ಬೀಳುವುದಿಲ್ಲ. ತೀರಾ ಮೆತ್ತನೆಯ ಸೀಟಿನಲ್ಲಿ ಮೂಳೆಗಳು ಫೋಮಿನೊಳಗೆ ಇಳಿಯುತ್ತವೆ, ಅಲ್ಲಿಂದ ಸರಿದ ಫೋಮ್ ನಡುವೆ ಉಬ್ಬಿ ಮೇಲಕ್ಕೆ ಒತ್ತುತ್ತದೆ. ಹತ್ತು ನಿಮಿಷ ಹಾಯೆನಿಸಿದ್ದು ಅರ್ಧ ಗಂಟೆಗೆ ಜೋಮು ಹಿಡಿಸುವುದು ಹೀಗೆ. ಜೆಲ್ ಕವರಿನದು ಇನ್ನೂ ಎರಡು ತಾಪತ್ರಯ. ಒಂದು, ಅದು ಸೀಟಿನ ಎತ್ತರವನ್ನು ಒಂದೆರಡು ಸೆಂ.ಮೀ. ಏರಿಸುತ್ತದೆ, ಆದರೆ ಪೋಸ್ಟ್ (ಸೀಟನ್ನು ಹೊತ್ತ ಕೊಳವೆ) ಅಷ್ಟು ಇಳಿಸುವವರು ಕಡಿಮೆ. ಎರಡು, ದಾರ ಎಷ್ಟೇ ಬಿಗಿದರೂ ಪಕ್ಕಕ್ಕೆ ಜಾರುತ್ತದೆ. ಮಳೆಯಲ್ಲಿ ನೆನೆದರೆ ದಿನವಿಡೀ ಒದ್ದೆ.

ಹೆಂಗಸರಿಗೆ ಈ ಎರಡು ಮೂಳೆಗಳ ನಡುವಿನ ಅಂತರ ಸರಾಸರಿಯಲ್ಲಿ ಗಂಡಸರಿಗಿಂತ ಹೆಚ್ಚು, ನಿಜ. ಆದರೆ ಸರಾಸರಿ ನೋಡಿ ಸೀಟು ಮಾರಲಾಗದು. ದಪ್ಪಗಿರುವವರ ಮೂಳೆ ಹತ್ತಿರ ಇರಬಹುದು, ಸಣಕಲು ಮೈಯವರದು ದೂರ ಇರಬಹುದು. ಅಳೆಯಲೇಬೇಕು. ಅಳೆಯಲು ದುಬಾರಿ ಯಂತ್ರ ಬೇಡ, ಹೊಸ ಸೈಕಲ್ ಬಂದ ರಟ್ಟಿನ ಪೆಟ್ಟಿಗೆಯಿಂದ ಒಂದು ತುಂಡು ಕತ್ತರಿಸಿಕೊಂಡರೆ ಆಯಿತು, ಒಳಗೆ ಅಲೆಅಲೆ ಪದರ ಇರುವಂಥದ್ದು. ಅದನ್ನು ಗಟ್ಟಿಯಾದ ಗಿಡ್ಡ ಸ್ಟೂಲಿನ ಮೇಲೋ ಮೆಟ್ಟಿಲಿನ ಮೇಲೋ ಇಡಬೇಕು, ಕೂತಾಗ ಮಂಡಿ ಸೊಂಟಕ್ಕಿಂತ ತುಸು ಮೇಲಿರಬೇಕು. ಜೀನ್ಸ್ ಬೇಡ, ತೆಳು ಬಟ್ಟೆ ಇರಲಿ. ಕೂತು, ಸೈಕಲ್ ಮೇಲೆ ಎಷ್ಟು ಬಾಗುತ್ತಾರೋ ಅಷ್ಟೇ ಬಾಗಿ, ಎರಡೂ ಕೈಯಲ್ಲಿ ಸ್ಟೂಲಿನ ಅಂಚು ಹಿಡಿದು ಮೈಯನ್ನು ಕೆಳಕ್ಕೆ ಎಳೆದುಕೊಂಡು ಅರ್ಧ ನಿಮಿಷ ಇರಬೇಕು. ಅಲುಗದೆ ನೇರ ಎದ್ದ ಮೇಲೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಬಿಟ್ಟರೆ ಎರಡು ತಗ್ಗು ನೆರಳಾಗಿ ಕಾಣುತ್ತವೆ. ತಗ್ಗಿನ ಅತಿ ಆಳದ ಜಾಗಕ್ಕೆ ಚುಕ್ಕಿ ಇಟ್ಟು ಚುಕ್ಕಿಯಿಂದ ಚುಕ್ಕಿಗೆ ಅಳೆಯಿರಿ. ಮೂರು ಸಲ ಮಾಡಿ ಸರಾಸರಿ ತೆಗೆದುಕೊಳ್ಳಿ. ಸಾಮಾನ್ಯವಾಗಿ 100ರಿಂದ 150 ಮಿ.ಮೀ. ಒಳಗೆ ಬರುತ್ತದೆ. ಪರದೆಯ ಹಿಂದೆ ಗಿರಾಕಿ ತಾವೇ ಮಾಡಿಕೊಳ್ಳಬಹುದಾದ ಕೆಲಸ ಇದು, ಮೆಕ್ಯಾನಿಕ್ ರಟ್ಟು ನೋಡಿದರೆ ಸಾಕು.

ಸೀಟಿನ ಅಗಲ ಸಿಗಲು ಈ ಅಳತೆಗೆ ಎಷ್ಟು ಕೂಡಿಸಬೇಕು ಎನ್ನುವುದು ಕೂರುವ ಭಂಗಿಯ ಮೇಲಿದೆ. ಬೆನ್ನು ಬಾಗಿಸಿ ಓಡಿಸುವ ರೋಡ್ ಬೈಕಿಗೆ 15ರಿಂದ 20 ಮಿ.ಮೀ., ಹೈಬ್ರಿಡ್ ಅಥವಾ ಎಂಟಿಬಿಗೆ (ಮೌಂಟನ್ ಬೈಕ್) 20ರಿಂದ 30, ನೆಟ್ಟಗೆ ಕೂರುವ ಲೇಡೀಸ್ ಸೈಕಲ್ಲಿಗೆ 40 ಅಥವಾ ಅದಕ್ಕೂ ಹೆಚ್ಚು. ಅಳತೆ 125 ಬಂದವರಿಗೆ ರೋಡ್ ಬೈಕಿನಲ್ಲಿ 143ರ ಸೀಟು, ಹೈಬ್ರಿಡ್‌ನಲ್ಲಿ 155, ನೆಟ್ಟನೆಯ ಸೈಕಲ್ಲಿನಲ್ಲಿ 165 ದಾಟಿದ್ದು ಹಿಡಿಸುತ್ತದೆ. ಒಬ್ಬರಿಗೇ ಮೂರು ಅಗಲ ಯಾಕೆಂದರೆ, ಮುಂದಕ್ಕೆ ಬಾಗಿದಂತೆ ಸೊಂಟ ಉರುಳುತ್ತದೆ, ಭಾರ ಆ ಉಬ್ಬುಗಳಿಂದ ಅವುಗಳ ಮುಂದಿನ ಕಮಾನಿನ ಮೂಳೆಗೆ ಸರಿಯುತ್ತದೆ. ಆ ಕಮಾನು ಮುಂದೆ ಹೋದಂತೆ ಕಿರಿದಾಗುತ್ತದೆ. ಲೇಡೀಸ್ ಸೈಕಲ್ಲಿನ ಸ್ಪ್ರಿಂಗ್ ಸೀಟನ್ನು ಬಿಚ್ಚಿ ರೋಡ್ ಬೈಕಿಗೆ ಹಾಕಿಸಿಕೊಂಡವರ ತೊಡೆ ಕಿತ್ತುಹೋಗುವುದು ಇದರಿಂದಲೇ.

ಡಬ್ಬದ ಮೇಲೆ ಬರೆದ ಅಗಲವನ್ನೂ ಪೂರ್ತಿ ನಂಬಬೇಡಿ. ಅದು ಅಂಚಿನಿಂದ ಅಂಚಿಗೆ ಅಳೆದದ್ದು. ಸೀಟಿನ ಹಿಂಭಾಗದ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿ, ಬದಿಗಳು ಇಳಿಜಾರಾಗಿರುವ ಸೀಟಿನಲ್ಲಿ ಮೂಳೆ ಕೂರಲು ಸಿಗುವ ಸಮತಟ್ಟು ಜಾಗ ಬಹಳ ಕಡಿಮೆ. ಒಂದೇ ಅಗಲದ ಎರಡು ಸೀಟುಗಳಲ್ಲಿ ಒಂದು ಹಿಡಿಸಿ ಇನ್ನೊಂದು ಹಿಡಿಸದಿರಲು ಮುಖ್ಯ ಕಾರಣ ಇದು.

ಸೀಟು ಬದಲಿಸುವ ಮೊದಲೇ ನೋಡಬೇಕಾದ್ದು ಎತ್ತರ. ನಮ್ಮಲ್ಲಿ "ಎರಡೂ ಕಾಲು ನೆಲಕ್ಕೆ ಪೂರ್ತಿ ತಾಗಬೇಕು" ಎಂಬುದು ಗಟ್ಟಿಯಾಗಿ ಕೂತುಬಿಟ್ಟ ನಂಬಿಕೆ, ಹೆಣ್ಣುಮಕ್ಕಳ ವಿಷಯದಲ್ಲಂತೂ ಮನೆಯವರೇ ನಿಂತು ಸೀಟು ಇಳಿಸುತ್ತಾರೆ. ಸೀಟು ಅಷ್ಟು ತಗ್ಗಿದರೆ ಕಾಲು ಪೆಡಲಿನ ಮೇಲೆ ಭಾರ ಹಾಕಲಾಗದು, ಮೈಭಾರವೆಲ್ಲ ಸೀಟಿಗೇ ಬೀಳುತ್ತದೆ. ಯಾವ ಸೀಟು ಹಾಕಿದರೂ ನೋವೇ, ಜೊತೆಗೆ ಮಂಡಿನೋವು. ರಾಜ್ಯ ಸರ್ಕಾರ 2006-07ರಲ್ಲಿ ಶುರುಮಾಡಿದ ಉಚಿತ ಸೈಕಲ್ ಯೋಜನೆಯ ಸೈಕಲ್ ಮಕ್ಕಳ ಕೈಗೆ ಬರುತ್ತಿದ್ದುದು ಎಂಟನೇ ತರಗತಿಯಲ್ಲಿ. ಆ ವಯಸ್ಸಿನಿಂದ ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ಕಾಲು ಎಷ್ಟೋ ಉದ್ದವಾಗಿರುತ್ತದೆ. ಪಂಕ್ಚರ್ ಹಾಕಿಸಲು ಬಂದ ಹುಡುಗಿಯ ಸೀಟನ್ನು ಸುಮ್ಮನೆ ಒಮ್ಮೆ ನೋಡಿ ಏರಿಸಿ ಕೊಡುವುದು ಮೆಕ್ಯಾನಿಕ್ ಮಾಡಬಹುದಾದ ಒಳ್ಳೆಯ ಉಪಕಾರ, ಖರ್ಚು ಒಂದು ಸ್ಪ್ಯಾನರ್ ತಿರುವು.

ಎತ್ತರ ನೋಡುವ ಕ್ರಮ: ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಆಗ ಪಾದದ ಮುಂಭಾಗ ಇಟ್ಟು ತುಳಿಯುವಾಗ ಮಂಡಿ ತಾನಾಗಿ ತುಸು ಮಡಿಯುತ್ತದೆ. ಲೆಕ್ಕ ಬೇಕೆನ್ನುವವರು ಬರಿಗಾಲಲ್ಲಿ ನಿಂತು ತೊಡೆಸಂದಿನಿಂದ ನೆಲದವರೆಗೆ ಅಳೆದು 0.883ರಿಂದ ಗುಣಿಸುತ್ತಾರೆ. 74 ಸೆಂ.ಮೀ. ಇದ್ದರೆ 65.3. ಇದು ಬಿಬಿಯ (ಪೆಡಲ್ ಕೈಗಳ ಅಚ್ಚು ತಿರುಗುವ ಜಾಗ) ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ದೂರ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದು ಒಂದು ಕಾಲೂರುವುದನ್ನು ಹೇಳಿಕೊಡಬೇಕು, ಇಲ್ಲದಿದ್ದರೆ ಹೆದರಿ ಮತ್ತೆ ಇಳಿಸಿಕೊಳ್ಳುತ್ತಾರೆ. ಒಂದೇ ಸಲ ಪೂರ್ತಿ ಏರಿಸದೆ ವಾರಕ್ಕೆ ಒಂದು ಸೆಂ.ಮೀ. ಏರಿಸಿದರೆ ಹೆದರಿಕೆ ಬರುವುದಿಲ್ಲ. ಅತಿಯಾಗಿ ಏರಿಸಿದರೂ ತಪ್ಪೇ. ಹಿಂದಿನಿಂದ ನೋಡಿದಾಗ ಸೊಂಟ ಎಡಬಲ ತೂಗುತ್ತಿದ್ದರೆ ಮೂತಿ ತೊಡೆಸಂದನ್ನು ಉಜ್ಜುತ್ತಿದೆ ಎಂದೇ ಅರ್ಥ. ಪೋಸ್ಟ್ ಕನಿಷ್ಠ ಎಷ್ಟು ಒಳಗಿರಬೇಕು ಎಂದು ತೋರಿಸುವ ಗುರುತು ಹೊರಗೆ ಕಾಣುವಷ್ಟು ಎತ್ತಲೇಬಾರದು.

ಇನ್ನು ಮೂತಿಯ ಓರೆ. ಸಮತಟ್ಟು ನೆಲದಲ್ಲಿ ಸೈಕಲ್ ನಿಲ್ಲಿಸಿ, ಸೀಟಿನ ಮೇಲೆ ದಪ್ಪ ರಟ್ಟಿನ ಪುಸ್ತಕ, ಅದರ ಮೇಲೆ ಲೆವೆಲ್ ಆ್ಯಪ್ ಹಾಕಿದ ಮೊಬೈಲ್ ಇಡಿ. ಸೊನ್ನೆಯಿಂದ ಶುರುಮಾಡಿ. ಮುಂಭಾಗ ಒತ್ತುತ್ತಿದ್ದರೆ ಒಂದು ಡಿಗ್ರಿ ಇಳಿಸಿ, ಓಡಿಸಿ ನೋಡಿ, ಮತ್ತೆ ಒಂದು. ಎರಡು ಮೂರು ಡಿಗ್ರಿ ದಾಟಿದರೆ ಸವಾರರು ಮುಂದಕ್ಕೆ ಜಾರಿ, ತಡೆಯಲು ಕೈಯೂರಿ, ಅಂಗೈ ಜೋಮು ಹಿಡಿಸಿಕೊಳ್ಳುತ್ತಾರೆ. ಹಿಂಭಾಗ ಎದ್ದಿರುವ ಸೀಟಿನಲ್ಲಿ ಪುಸ್ತಕವನ್ನು ಮುಂದಿನ ಮುಕ್ಕಾಲು ಭಾಗದ ಮೇಲೆ ಇಟ್ಟು ಅಳೆಯಬೇಕು. ರೇಸಿನಲ್ಲಿ ತೀರಾ ಬಾಗಿ ಕೂರುವವರ ಲೆಕ್ಕ ಬೇರೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಕೂಡ 2016ರಲ್ಲಿ ನಿಯಮ ಸಡಿಲಿಸಿ 9 ಡಿಗ್ರಿವರೆಗೆ ಬಿಟ್ಟಿತು. ಹಳೇ ಮಾದರಿಯ ಕ್ಲಾಂಪಿನಲ್ಲಿ (ಸೀಟನ್ನು ಪೋಸ್ಟಿಗೆ ಬಿಗಿಯುವ ಹಿಡಿ) ಓರೆ ಬದಲಿಸುವಾಗ ಎರಡೂ ಬದಿಯ ನಟ್ಟು ಸಾಕಷ್ಟು ಸಡಿಲಿಸದೆ ಸೀಟಿಗೆ ಗುದ್ದಬೇಡಿ, ಒಳಗಿನ ಹಲ್ಲು ಸವೆಯುತ್ತದೆ. ಸವೆದ ಕ್ಲಾಂಪನ್ನು ಎಷ್ಟು ಬಿಗಿದರೂ ಮೊದಲ ರಸ್ತೆಯುಬ್ಬಿಗೇ ಮೂತಿ ಮೇಲೇಳುತ್ತದೆ. ಹೊಸದು ಹಾಕುವುದೊಂದೇ ದಾರಿ.

ಓರೆ ಸರಿಯಿದ್ದೂ ಮುಂಭಾಗ ಒತ್ತಿದರೆ ಹ್ಯಾಂಡಲ್ ನೋಡಿ. ಅದು ದೂರ ಇದ್ದರೆ ಎಟುಕಿಸಿಕೊಳ್ಳಲು ಮೂತಿಯ ಮೇಲೆ ಸರಿದು ಕೂರುತ್ತಾರೆ, ಆಗ ಹಿಂದಿನ ಅಗಲ ಎಷ್ಟಿದ್ದರೇನು? ಸೀಟನ್ನೇ ಮುಂದಕ್ಕೆ ತಳ್ಳುವುದು ಸುಲಭದ ದಾರಿ, ಆದರೆ ಮಂಡಿಗೆ ಭಾರ. ಈಗಿರುವುದಕ್ಕಿಂತ 20 ಮಿ.ಮೀ. ಮೋಟಾದ ಸ್ಟೆಮ್ (ಹ್ಯಾಂಡಲನ್ನು ಹಿಡಿದಿರುವ ಮುಂಚಾಚಿದ ತುಂಡು) ಹಾಕಿ ಅಥವಾ ಹ್ಯಾಂಡಲ್ ಎತ್ತರಿಸಿ.

ಇಷ್ಟಾದ ಮೇಲೂ ಒತ್ತಿದರೆ ನಡುವೆ ಸೀಳಿರುವ ಅಥವಾ ಮೋಟು ಮೂತಿಯ ಸೀಟಿನ ಮಾತು. ಸಾಧಾರಣ ಸೀಟಿನ ಉದ್ದ 270-280 ಮಿ.ಮೀ., ಮೋಟು ಸೀಟಿನದು 240ರ ಆಸುಪಾಸು. ಕುರ್ತಾ ಹಾಕುವವರಿಗೆ ಹತ್ತಿ ಇಳಿಯುವಾಗ ಬಟ್ಟೆ ಸಿಕ್ಕಿಕೊಳ್ಳುವುದೂ ಕಡಿಮೆ. ಇದೇನು ಹೊಸ ಬುದ್ಧಿಯಲ್ಲ. ಬ್ರೂಕ್ಸ್ ಕಂಪನಿಯ ಬಿ17 ಚರ್ಮದ ಸೀಟಿಗೂ 242 ಮಿ.ಮೀ.ನ ಮೋಟು ಹೆಂಗಸರ ರೂಪ ಇದೆ. (ಮಳೆ ಹೆಚ್ಚಿರುವ ಮಲೆನಾಡಿನವರು ಚರ್ಮದ ಸೀಟಿನ ಆಸೆ ಬಿಡುವುದು ಲೇಸು.) ಸೀಳು ಎಲ್ಲರಿಗೂ ಒಗ್ಗುವುದಿಲ್ಲ, ಕೆಲವರಿಗೆ ಅದರ ಅಂಚೇ ಒತ್ತುತ್ತದೆ. ಅಂಥವರಿಗೆ ತೂತಿನ ಬದಲು ಆಳವಿಲ್ಲದ ತೋಡು ಇರುವ ಸೀಟು ಕೊಟ್ಟು ನೋಡಬೇಕು.

ಬಟ್ಟೆಯ ವಿಷಯ: ಚೂಡಿದಾರದ ಕಾಲುಸಂದಿನ ದಪ್ಪ ಹೊಲಿಗೆ ಮತ್ತು ಒಳಉಡುಪಿನ ಎಲಾಸ್ಟಿಕ್ ಅಂಚು ಕೆಟ್ಟ ಸೀಟಿಗಿಂತ ಹೆಚ್ಚು ಉಜ್ಜುತ್ತವೆ. ಒಂದು ಗಂಟೆ ಮೀರಿದ ಸವಾರಿಗೆ ಹೆಂಗಸರ ಅಳತೆಯ ಪ್ಯಾಡ್ ಇರುವ ಶಾರ್ಟ್ಸ್ ಒಳಗೆ ಹಾಕಿ ಮೇಲೆ ಬೇಕಾದ್ದು ಹಾಕಿಕೊಳ್ಳಬಹುದು. ಪ್ಯಾಡಿನ ಒಳಗೆ ಮತ್ತೆ ಒಳಉಡುಪು ಬೇಡ.

ಹೊಸ ಸೀಟಿನಲ್ಲಿ ಮೊದಲ ಕೆಲವು ಸವಾರಿ ಎರಡು ಮೂಳೆಗಳ ಜಾಗ ನೋಯುವುದು ಸಹಜ, ಒಂದೆರಡು ವಾರದಲ್ಲಿ ಇಳಿಯುತ್ತದೆ. ಜೋಮು, ಊತ, ಚರ್ಮ ಕಿತ್ತು ಬರುವುದು ಸಹಜವಲ್ಲ, 'ಅಭ್ಯಾಸ ಆಗುತ್ತೆ ಬಿಡಿ' ಎಂದು ಕಳಿಸಬಾರದು. ಊತ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಲು ಹೇಳಿ. ಅಂಗಡಿಯಲ್ಲಿ 143, 155, 168ರ ಒಂದೊಂದು ಹಳೇ ಸೀಟು ಪರೀಕ್ಷೆಗೆಂದೇ ಇಟ್ಟುಕೊಂಡು, ಒಂದು ವಾರಕ್ಕೆ ಕೊಟ್ಟು ಕಳಿಸುವುದು ಒಳ್ಳೆಯದು, ಏಕೆಂದರೆ ಅಂಗಡಿ ಮುಂದಿನ ಎರಡು ಸುತ್ತಿನಲ್ಲಿ ಎಲ್ಲ ಸೀಟೂ ಚೆನ್ನಾಗಿಯೇ ಇರುತ್ತದೆ. ಕೊಡುವ ಮೊದಲು ಪೋಸ್ಟಿಗೆ ಎತ್ತರದ ಗುರುತಾಗಿ ಟೇಪ್ ಸುತ್ತಿ, ಕಂಬಿಯ ಮೇಲೆ ಕ್ಲಾಂಪ್ ಇರುವ ಜಾಗವನ್ನು ಮಾರ್ಕರ್‌ನಲ್ಲಿ ಗೆರೆ ಹಾಕಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಐವತ್ತು ಕಿ.ಮೀ. ಆದ ಮೇಲೆ ಬಂದು ಬೋಲ್ಟ್ ಮತ್ತೆ ಬಿಗಿಸಿಕೊಂಡು ಹೋಗಲು ಹೇಳಿ, ಹೊಸ ಸೀಟಿನ ಕಂಬಿ ಕ್ಲಾಂಪಿನಲ್ಲಿ ಕೂತ ಮೇಲೆ ತುಸು ಸಡಿಲವಾಗುತ್ತದೆ.