ಕೋಡಿ ಬೆಂಗ್ರೆಗೆ ಹೊರಡುವ ಮುಂಚೆ ಕಾರಿನ ಫ್ಯೂಸ್ ನೋಡಿಕೊಳ್ಳಿ

ಬೆಳಗ್ಗೆ ಆರೂವರೆ. ಉಡುಪಿ ಹತ್ತಿರದ ಕೋಡಿ ಬೆಂಗ್ರೆಯ ರಸ್ತೆಗೆ ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ. ನಾವು ಕಾರು ನಿಲ್ಲಿಸಿದ್ದು ಹೊಳೆಯ ಬದಿಗೆ. ಒಂದು ಪ್ಯಾಡಲ್ ಬೋರ್ಡು (ಮೇಲೆ ನಿಂತು ಹುಟ್ಟು ಹಾಕುವ, ಗಾಳಿ ತುಂಬುವ ಹಲಗೆ) ಉಬ್ಬಿ ಗಟ್ಟಿಯಾಗಿ ಮರಳ ಮೇಲೆ ಮಲಗಿತ್ತು. ಎರಡನೆಯದರ ಗಾಳಿಯ ಒತ್ತಡ 9 ಪಿಎಸ್‌ಐ ಮುಟ್ಟಿತ್ತು. ಅಷ್ಟರಲ್ಲಿ ಪಂಪ್ ಗಪ್‌ಚಿಪ್. ಪರದೆಯ ಮೇಲಿನ ಅಂಕಿಯೂ ಮಾಯ.

"ಪಂಪ್ ಸುಟ್ಟುಹೋಯ್ತು ಭಾವ" ಅಂದೆ.

ಭಾವ ಕಾರಿನೊಳಗೆ ತಲೆ ಹಾಕಿ ನೋಡಿದರು. "ಪಂಪ್ ಅಲ್ಲ ಕಣೋ. ನಿನ್ನ ಮೊಬೈಲ್ ಚಾರ್ಜ್ ಆಗೋದೂ ನಿಂತಿದೆ ನೋಡು. ಫ್ಯೂಸ್ ಹೋಗಿದೆ."

ಸರಿಯಾಗಿಯೇ ಹೇಳಿದ್ದರು. 12 ವೋಲ್ಟ್ ಸಾಕೆಟ್ಟಿಗೆ ಎರಡು ಬಾಯಿಯ ಸ್ಪ್ಲಿಟರ್ ಸಿಕ್ಕಿಸಿ, ಒಂದರಲ್ಲಿ ಪಂಪ್, ಇನ್ನೊಂದರಲ್ಲಿ ಮೊಬೈಲ್ ಚಾರ್ಜರ್ ಹಾಕಿದ್ದು ನಾನೇ. ಸಾಕೆಟ್ಟಿನ ಫ್ಯೂಸ್ 10 ಆಂಪಿಯರಿನದು. ಪಂಪ್ ಒಂದೇ ಒಂಬತ್ತರ ಮೇಲೆ ಎಳೆಯುತ್ತದೆ, ಅದೂ ಒತ್ತಡ ಏರಿದಂತೆಲ್ಲ ಹೆಚ್ಚು. ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಆಗಿನಿಂದ ನೋಡುತ್ತಿದ್ದವರು, "ಎಂತ ಮಾರಾಯ್ರೆ, ಗಾಳಿ ಮುಗೀತಾ?" ಅಂದರು. ಮಕ್ಕಳು ನಕ್ಕರು. ನಮಗೆ ನಗು ಬರಲಿಲ್ಲ. ಬೆಂಗಳೂರಿನಿಂದ ನಾನೂರು ಕಿಲೋಮೀಟರ್ ಬಂದು, ಬೆಳಗಿನ ಗಾಳಿ ಏಳುವ ಮುಂಚೆ ನೀರಿಗಿಳಿಯಬೇಕೆಂದು ಕತ್ತಲಲ್ಲೇ ಎದ್ದವರು ನಾವು.

ಗಾಳಿ ತುಂಬುವ ಬೋರ್ಡು ಕಟ್ಟಿಕೊಂಡು ಕರಾವಳಿಗೆ ಹೊರಡುವವರು ಪಂಪ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನೇ ಮಾಡುತ್ತಾರೆ ಅನಿಸುತ್ತದೆ. ಡಬ್ಬದ ಮೇಲೆ 20 ಪಿಎಸ್‌ಐ ಅಂತ ದಪ್ಪಕ್ಷರದಲ್ಲಿ ಬರೆದದ್ದು ನೋಡಿ ಕೊಳ್ಳುತ್ತೇವೆ. ಆದರೆ ಸಾಮಾನ್ಯ ಬೋರ್ಡಿಗೆ ಬೇಕಿರುವುದು 12ರಿಂದ 15. ಅಷ್ಟನ್ನು ಈಗಿನ ಯಾವ ಎಲೆಕ್ಟ್ರಿಕ್ ಎಸ್‌ಯುಪಿ (ಸ್ಟ್ಯಾಂಡ್-ಅಪ್ ಪ್ಯಾಡಲ್ ಬೋರ್ಡು) ಪಂಪೂ ಕೊಡುತ್ತದೆ. ಕೊಳ್ಳುವ ಮುಂಚೆ ನೋಡಬೇಕಾದದ್ದು ಬೇರೆ: ಕರೆಂಟ್ ಎಲ್ಲಿಂದ ಬರುತ್ತದೆ, ಕಾರು ನಿಲ್ಲುವ ಜಾಗದಿಂದ ನೀರಿಗೆ ಎಷ್ಟು ಹೆಜ್ಜೆ, ಒಂದು ಬೆಳಗಿಗೆ ಎಷ್ಟು ಬೋರ್ಡು ತುಂಬಬೇಕು.

ಸ್ವಲ್ಪ ಲೆಕ್ಕ ಹಾಕಿದರೆ ಯಾವ ಪಂಪ್ ಯಾಕೆ ಕೈಕೊಡುತ್ತದೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಹತ್ತೂವರೆ ಅಡಿ ಉದ್ದ, 32 ಇಂಚು ಅಗಲ, 6 ಇಂಚು ದಪ್ಪದ ಬೋರ್ಡಿನೊಳಗೆ ಸುಮಾರು 300 ಲೀಟರ್ ಜಾಗ ಇರುತ್ತದೆ. ಬರೀ ಉಬ್ಬಿಸಲು 300 ಲೀಟರ್ ಗಾಳಿ ಸಾಕು, ಆದರೆ ಅದು ಹಾಸಿಗೆಯಂತೆ ಮೆತ್ತಗಿರುತ್ತದೆ, ನಿಂತರೆ ನಡು ಬಗ್ಗುತ್ತದೆ. 15 ಪಿಎಸ್‌ಐ ಅಂದರೆ ಹೆಚ್ಚುಕಡಿಮೆ ಇನ್ನೊಂದು ವಾತಾವರಣದಷ್ಟು ಒತ್ತಡ. ಹಾಗಾಗಿ ಅದೇ ಜಾಗಕ್ಕೆ ಇನ್ನೂ 300 ಲೀಟರ್ ಗಾಳಿಯನ್ನು ಒತ್ತಿ ತುರುಕಬೇಕು. ಮೊದಲರ್ಧಕ್ಕೆ ಬೇಕಿರುವುದು ರಭಸ, ಎರಡನೆಯ ಅರ್ಧಕ್ಕೆ ಬಲ.

ಏರ್‌ಬೆಡ್ಡಿನ ಪುಟ್ಟ ಪಂಪಿಗೆ ರಭಸ ಇದೆ, ಬಲ ಇಲ್ಲ. ಒಂದು ಪಿಎಸ್‌ಐ ಆಸುಪಾಸಿನಲ್ಲೇ ಸುಸ್ತಾಗುತ್ತದೆ. ಕಾರಿನ ಟೈರಿಗೆ ಗಾಳಿ ಹಾಕುವ ಇನ್‌ಫ್ಲೇಟರ್ ಇದಕ್ಕೆ ತದ್ವಿರುದ್ಧ. ಟೈರಿಗೆ 33 ಪಿಎಸ್‌ಐ ಹಾಕುವ ಬಲ ಅದಕ್ಕಿದೆ, ಆದರೆ ನಿಮಿಷಕ್ಕೆ ಮೂವತ್ತು ಲೀಟರ್ ಆಸುಪಾಸು ಮಾತ್ರ. 600 ಲೀಟರ್ ಅದರಲ್ಲಿ ತುಂಬಲು ಕಾಗದದ ಮೇಲೇ ಇಪ್ಪತ್ತು ನಿಮಿಷ, ಅಷ್ಟರೊಳಗೆ ಅದರ ಮೈ ಮುಟ್ಟಲಾಗದಷ್ಟು ಕಾದಿರುತ್ತದೆ. "ಟೈರಿನ ಪಂಪ್ ಇದೆಯಲ್ಲ, ಇನ್ನೊಂದು ಯಾಕೆ?" ಎಂದು ಮನೆಯಲ್ಲಿ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ.

ಎಸ್‌ಯುಪಿಗೆಂದೇ ಮಾಡಿದ ಪಂಪಿನೊಳಗೆ ಇವೆರಡೂ ಇರುತ್ತವೆ. ಮೊದಲು ಫ್ಯಾನು ಹೂಂ ಎಂದು ಗಾಳಿ ತುಂಬುತ್ತದೆ, ನಿಮಿಷಕ್ಕೆ 350 ಲೀಟರ್ ಅಂತ ಬರೆದಿರುತ್ತಾರೆ. ಎರಡು ನಿಮಿಷದಲ್ಲಿ ಬೋರ್ಡು ಸುರುಳಿ ಬಿಚ್ಚಿ ಮೈಮುರಿಯುತ್ತದೆ. ಆಮೇಲೆ ಟಕ್ ಅಂತ ಸದ್ದು ಬದಲಾಗಿ ಪಿಸ್ಟನ್ ಶುರು. ಅದು ನಿಮಿಷಕ್ಕೆ 70 ಲೀಟರ್ ಆಸುಪಾಸು, ಒತ್ತಡ ಏರಿದಂತೆ ಇನ್ನೂ ನಿಧಾನ. ಒಟ್ಟು ಒಂದು ಬೋರ್ಡಿಗೆ ಎಂಟರಿಂದ ಹನ್ನೆರಡು ನಿಮಿಷ. ಬೇಕಾದ ಪಿಎಸ್‌ಐ ಒತ್ತಿಟ್ಟರೆ ತಾನೇ ನಿಲ್ಲುತ್ತದೆ. ಈ ಎರಡು ಹಂತ ಇಲ್ಲದ ಪಂಪನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಸದ್ದಿನ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಪಿಸ್ಟನ್ ಹಂತದ ಸದ್ದು ಮಿಕ್ಸಿಯಲ್ಲಿ ಒಣ ಕಡಲೆಬೇಳೆ ಬೀಸಿದ ಹಾಗೆ. ಬೆಳಗಿನ ಜಾವ ಮೀನುಗಾರರ ಮನೆಗಳ ಪಕ್ಕ ಹತ್ತು ಹತ್ತು ನಿಮಿಷ ಅದನ್ನು ಓಡಿಸುವುದು ಮರ್ಯಾದೆಯಲ್ಲ. ಮನೆಗಳಿಂದ ದೂರ ನಿಲ್ಲಿಸಿ, ಹತ್ತಿರ ಯಾರಾದರೂ ಇದ್ದರೆ ಒಂದು ಮಾತು ಕೇಳಿ.

ಈಗ ಕರೆಂಟಿನ ವಿಷಯ. ಪೇಟೆಯಲ್ಲಿ ಎರಡು ಜಾತಿಯ ಪಂಪ್ ಇವೆ. ಒಂದು ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವಂಥದ್ದು, ಸಾಮಾನ್ಯವಾಗಿ 110 ವ್ಯಾಟಿನದು. ಇನ್ನೊಂದು ಒಳಗೇ ಬ್ಯಾಟರಿ ಇರುವಂಥದ್ದು.

ಮೊದಲನೆಯದನ್ನು ಕೊಳ್ಳುವವರು ತಮ್ಮ ಕಾರಿನ ಸಾಕೆಟ್ ಮುಚ್ಚಳ ತೆರೆದು ನೋಡಲಿ. 12ವಿ 120ಡಬ್ಲ್ಯೂ ಅಂತಲೋ 10ಎ ಅಂತಲೋ ಇರುತ್ತದೆ. ಅಲ್ಲಿಗೆ ಪಂಪಿಗೆ ಮಾತ್ರ ಜಾಗ, ಬೇರೇನೂ ಸಿಕ್ಕಿಸುವಂತಿಲ್ಲ. ಕೆಲವು ಹೊಸ ಕಾರುಗಳಲ್ಲಿ ಈ ಸಾಕೆಟ್ಟೇ ಇಲ್ಲ, ಬರೀ ಯುಎಸ್‌ಬಿ. ಹಾಗಿದ್ದರೆ ಬ್ಯಾಟರಿಗೆ ನೇರವಾಗಿ ಕಚ್ಚಿಸುವ ಮೊಸಳೆ ಕ್ಲಿಪ್ಪಿನ ವೈರು ಬೇಕು, ಅದರಲ್ಲೇ ಫ್ಯೂಸ್ ಇರುವಂಥದ್ದನ್ನು ನೋಡಿ ತೆಗೆದುಕೊಳ್ಳಿ. ಹೋದ ಫ್ಯೂಸಿನ ಬದಲು ಅದೇ ಆಂಪಿಯರಿನದನ್ನೇ ಹಾಕಬೇಕು. "20ರದ್ದು ಹಾಕಿಬಿಡಿ, ಹೋಗೋದೇ ಇಲ್ಲ" ಅನ್ನುವ ಮಹಾನುಭಾವರು ಎಲ್ಲ ಕಡೆ ಸಿಗುತ್ತಾರೆ. ಆಗ ಫ್ಯೂಸ್ ಹೋಗುವುದಿಲ್ಲ ನಿಜ, ವೈರು ಸುಡುತ್ತದೆ.

ಎಂಜಿನ್ ಚಾಲೂ ಇಡಬೇಕೇ? ಒಂದು ಬೋರ್ಡಿಗೆ ಹತ್ತು ನಿಮಿಷ ಅಂದರೆ ಕಾರಿನ ಬ್ಯಾಟರಿಯಿಂದ ಒಂದೂಮುಕ್ಕಾಲು ಆಂಪಿಯರ್-ಅವರ್ ಕೂಡ ಹೋಗುವುದಿಲ್ಲ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಗೆ ಅದು ಲೆಕ್ಕವಲ್ಲ. ಆದರೆ ನಾಲ್ಕು ಬೋರ್ಡು, ಬ್ಯಾಟರಿಗೆ ನಾಲ್ಕು ವರ್ಷ ವಯಸ್ಸು ಅಂದರೆ ವಾಪಸ್ ಹೊರಡುವಾಗ ತಳ್ಳುವವರನ್ನು ಹುಡುಕಬೇಕಾದೀತು. ಎಂಜಿನ್ ಓಡುತ್ತಿದ್ದರೆ ವೋಲ್ಟೇಜ್ ಹದಿನಾಲ್ಕರ ಹತ್ತಿರ ಇರುವುದರಿಂದ ಪಂಪೂ ಚುರುಕು. ನಾವು ಚಾಲೂ ಇಡುತ್ತೇವೆ, ಹೊಗೆ ಮಕ್ಕಳ ಕಡೆ ಬರದ ಹಾಗೆ ಕಾರು ತಿರುಗಿಸಿ. ಪಂಪು ಸತತ ಇಪ್ಪತ್ತು ನಿಮಿಷ ಓಡಿದರೆ ಅದಕ್ಕೆ ಅಷ್ಟೇ ಹೊತ್ತು ವಿರಾಮ ಕೊಡಿ. ಎರಡು ಬೋರ್ಡು ಆದ ಮೇಲೆ ಚಹಾ, ಅಂತ ನಮ್ಮಲ್ಲೀಗ ನಿಯಮವೇ ಆಗಿದೆ.

ಆ ದಿನ ನಮ್ಮ ಮಾನ ಉಳಿಸಿದ್ದು ಹಳೆಯ ಕೈಪಂಪು. ಬೇಡ ಬೇಡ ಅಂದರೂ ಭಾವ ಡಿಕ್ಕಿಗೆ ಎಸೆದಿದ್ದರು. 9ರಿಂದ 13ಕ್ಕೆ ಏರಿಸಲು ಇಬ್ಬರೂ ಸರದಿಯ ಮೇಲೆ ಒತ್ತಿದೆವು. ಹತ್ತು ದಾಟಿದ ಮೇಲೆ ತೋಳಿನ ಬಲ ಸಾಲದು, ಹಿಡಿಕೆಯ ಮೇಲೆ ಮೈಭಾರವೆಲ್ಲ ಬಿಟ್ಟು ಕುಕ್ಕಬೇಕು. ಕರಾವಳಿಯ ಸೆಕೆಯಲ್ಲಿ ಅಂಗಿ ಹಿಂಡುವಷ್ಟು ಬೆವರು. ಬಲೆಯ ಹಿರಿಯರು ಎದ್ದು ಬಂದು ಬೋರ್ಡನ್ನು ಬೆರಳಲ್ಲಿ ತಟ್ಟಿ ನೋಡಿದರು, ಹಲಗೆಯ ಸದ್ದು ಬಂತು. "ಹಾಂ, ಈಗ ಗಟ್ಟಿ ಉಂಟು" ಅಂದರು. ಆಮೇಲೆ ದೂರಕ್ಕೆ ಕೈ ತೋರಿಸಿ, "ನೀರು ಇಳಿತ ಶುರುವಾಗ್ತದೆ. ಅಳಿವೆ ಕಡೆ ಹೋಗ್ಬೇಡಿ, ಮೇಲೆ ಹೋಗಿ" ಅಂದರು. ಎಲ್ಲ ಪಂಪುಗಳ ವಿಮರ್ಶೆಗಿಂತ ಬೆಲೆಬಾಳುವ ಮಾತು ಅದು. ಸುವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಆ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರು ಕಡಲಿನ ಕಡೆಗೆ ಎಳೆಯುತ್ತದೆ, ನಿಂತು ಹುಟ್ಟು ಹಾಕುವವರು ಎದುರು ಬರಲಾರರು. ಉಬ್ಬರ-ಇಳಿತದ ಸಮಯ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಹೋಗುತ್ತದೆ, ನಿನ್ನೆಯ ಲೆಕ್ಕ ಇವತ್ತಿಗೆ ನಡೆಯದು. ಲೈಫ್ ಜಾಕೆಟ್ ಎಲ್ಲರಿಗೂ.

ಮರುದಿನ ಸಾಲಿಗ್ರಾಮದ ಹತ್ತಿರದ ಪಾರಂಪಳ್ಳಿ. ಸೀತಾ ನದಿಯ ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಓಣಿಗಳು. ಕಯಾಕ್ ಬಾಡಿಗೆಗೂ ಸಿಗುತ್ತದೆ, ಬೋರ್ಡು ಇಲ್ಲದವರು ಚಿಂತಿಸಬೇಕಿಲ್ಲ. ಸ್ವಂತ ಬೋರ್ಡು ಇಳಿಸುವುದಾದರೆ ಅಲ್ಲಿಯವರನ್ನು ಮೊದಲು ಕೇಳಿ. ನಾವು ಕಾರು ನಿಲ್ಲಿಸಿದ ಜಾಗದಿಂದ ನೀರು ದೂರ, ದಾರಿ ಕಿರಿದು. ಪಂಪಿನ ವೈರು ಮೂರು ಮೀಟರ್. ಕಾರಿನ ಪಕ್ಕದಲ್ಲೇ ತುಂಬಿಸಿ, ಹತ್ತೂವರೆ ಅಡಿಯ ಬೋರ್ಡನ್ನು ತಲೆಯ ಮೇಲೆ ಹೊತ್ತು ಅಡಿಕೆ ಮರಗಳಿಗೆ ತಾಗಿಸುತ್ತಾ ಹೋದೆವು. ಭಾವನ ಸ್ನೇಹಿತರೊಬ್ಬರು ಬ್ಯಾಟರಿ ಪಂಪ್ ತಂದಿದ್ದರು. ಚೀಲ ಬೆನ್ನಿಗೆ ಹಾಕಿಕೊಂಡು ನೀರಿನ ಅಂಚಿಗೆ ಹೋಗಿ ಅಲ್ಲೇ ಉಬ್ಬಿಸಿದರು. ಹೊಟ್ಟೆಕಿಚ್ಚಾಯಿತು.

ಆದರೆ ಅದಕ್ಕೂ ಲೆಕ್ಕ ಇದೆ. ಒಂದು ಬೋರ್ಡಿಗೆ 110 ವ್ಯಾಟ್‌ನಂತೆ ಹತ್ತು ನಿಮಿಷ ಅಂದರೆ 18 ವ್ಯಾಟ್-ಅವರ್ ಚಿಲ್ಲರೆ. ಪಂಪಿನ ಬ್ಯಾಟರಿ ಎಷ್ಟು ವ್ಯಾಟ್-ಅವರ್ ಅಂತ ನೋಡಿ, 18ರಿಂದ ಭಾಗಿಸಿ, ಬಂದದ್ದರಲ್ಲಿ ಒಂದನ್ನು ಕಳೆಯಿರಿ, ಅಷ್ಟು ಬೋರ್ಡು ಅಂತ ಲೆಕ್ಕ. ಎಂಎಎಚ್ ಅಂಕಿ ನೋಡಿ ಮರುಳಾಗಬೇಡಿ, ವೋಲ್ಟೇಜ್ ಹೇಳದೆ ಅದಕ್ಕೆ ಅರ್ಥವಿಲ್ಲ. ಅವರ ಪಂಪ್ ಎರಡು ಬೋರ್ಡು ತುಂಬಿ ಮೂರನೆಯದರ ಮಧ್ಯೆ ಉಸಿರು ಬಿಟ್ಟಿತು. ಒಬ್ಬರೋ ಇಬ್ಬರೋ ಹೋಗುವವರಿಗೆ, ಬೈಕಿನಲ್ಲೋ ಬಸ್ಸಿನಲ್ಲೋ ಹೋಗುವವರಿಗೆ ಅದೇ ಸರಿ. ಎರಡು ಸಂಸಾರ, ನಾಲ್ಕು ಬೋರ್ಡು ಅಂದರೆ ಕಾರಿನದೇ. ಬ್ಯಾಟರಿ ಖಾಲಿಯಾದ ಮೇಲೆ 12 ವೋಲ್ಟಿನ ವೈರಿನಿಂದಲೂ ಓಡುವ ಮಾದರಿಗಳಿವೆ, ದುಡ್ಡು ಹೆಚ್ಚಾದರೂ ನಾನು ಇನ್ನೊಮ್ಮೆ ಕೊಂಡರೆ ಅದನ್ನೇ. ವಿಮಾನದಲ್ಲಿ ಹೋಗುವವರು ಬ್ಯಾಟರಿ 100 ವ್ಯಾಟ್-ಅವರ್ ಒಳಗಿದೆಯೇ ನೋಡಿಕೊಳ್ಳಬೇಕು, ಬಿಡಿ ಲಿಥಿಯಂ ಬ್ಯಾಟರಿಯನ್ನು ಕೈಚೀಲದಲ್ಲೇ ಒಯ್ಯಬೇಕು.

ಹೋಮ್‌ಸ್ಟೇ ಹೊಳೆಯ ದಡದಲ್ಲೇ ಇದ್ದರೆ ಇನ್ನೊಂದು ದಾರಿ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ 12 ವೋಲ್ಟಿನ ಅಡಾಪ್ಟರ್ ಸಿಗುತ್ತದೆ. 15 ಆಂಪಿಯರಿನದು ಕೇಳಿ. ರೂಟರಿನ ಎರಡು ಆಂಪಿಯರಿನದರಲ್ಲಿ ಪಂಪ್ ಮಿಸುಕುವುದೂ ಇಲ್ಲ. ಅದನ್ನು ಜಗಲಿಯ ಮೇಲೆ, ಒಣಗಿದ ಜಾಗದಲ್ಲಿ ಮಾತ್ರ ಬಳಸಿ. 230 ವೋಲ್ಟಿನ ವೈರನ್ನು ನೀರಿನ ಅಂಚಿಗೆ ಎಳೆಯುವ ಸಾಹಸ ಬೇಡವೇ ಬೇಡ.

ವಾಲ್ವಿನ ಒಂದು ಕಿತಾಪತಿ. ಹೆಚ್ಚಿನ ಬೋರ್ಡುಗಳಲ್ಲಿ ಇರುವುದು ಹಾಲ್ಕಿ-ರಾಬರ್ಟ್ಸ್ ವಾಲ್ವು, ಪಂಪಿನ ಜೊತೆ ಅದರ ಮೂತಿ ಬಂದಿದೆಯೇ ನೋಡಿ. ಮಧ್ಯದ ಪಿನ್ನು ಒತ್ತಿ ತಿರುಗಿಸಿದರೆ ಮೇಲೆದ್ದು ನಿಲ್ಲುತ್ತದೆ, ಆಗ ಗಾಳಿ ಒಳಗೆ ಮಾತ್ರ ಹೋಗುತ್ತದೆ. ಪಿನ್ನು ಕೆಳಗೆ ಕೂತಿದ್ದಾಗ ತುಂಬಿಸಿದರೂ ಪಂಪ್ ಏನೂ ಹೇಳುವುದಿಲ್ಲ, ಬೋರ್ಡು ಚೆನ್ನಾಗಿಯೇ ಉಬ್ಬುತ್ತದೆ. ಹತ್ತು ನಿಮಿಷ ಕಾದು, ಪೈಪ್ ತಿರುಗಿಸಿ ತೆಗೆದ ಕ್ಷಣ ಬುಸ್ಸ್! ಇಡೀ ಬೋರ್ಡು ಮುಖಕ್ಕೆ ಗಾಳಿ ಬಿಡುತ್ತದೆ. ಪಾರಂಪಳ್ಳಿಯಲ್ಲಿ ಹೀಗಾದದ್ದು ಭಾವನಿಗೆ. ಫ್ಯೂಸಿನ ಬಗ್ಗೆ ಅವರು ಆಮೇಲೆ ಮಾತಾಡಲಿಲ್ಲ.

ಬಿಸಿಲಿನ ಲೆಕ್ಕವನ್ನೂ ಮರೆಯಬೇಡಿ. 15 ತುಂಬಿಸಿದ ಬೋರ್ಡು ಮರಳಿನ ಮೇಲೆ ಬಿದ್ದು 25 ಡಿಗ್ರಿ ಹೆಚ್ಚು ಕಾದರೆ ಒತ್ತಡ ಹದಿನೇಳೂವರೆಗೆ ಏರುತ್ತದೆ. ಮಧ್ಯೆ ಊಟಕ್ಕೆ ಎದ್ದು ಹೋಗುವವರು 12-13ಕ್ಕೇ ನಿಲ್ಲಿಸಿ, ಇಲ್ಲವೇ ನೆರಳಿಗೆ ಎಳೆದಿಡಿ. ಪಂಪನ್ನು ಮರಳಿನ ಮೇಲೆ ಇಡಬೇಡಿ, ಗಾಳಿ ಎಳೆಯುವ ಬಾಯಿಗೆ ಮರಳು ಹೋದರೆ ಪಿಸ್ಟನ್ನಿನ ಕಥೆ ಮುಗಿಯಿತು. ನಾವು ಹಳೆಯ ಚಾಪೆ ಹಾಸುತ್ತೇವೆ. ಗಾಳಿ ತೆಗೆಯುವ ವ್ಯವಸ್ಥೆ ಇರುವ ಪಂಪೇ ಇರಲಿ. ಒಳಗಿನ ಗಾಳಿ ಪೂರ್ತಿ ಹೀರಿದರೆ ಬೋರ್ಡು ಹಾಸಿಗೆ ಸುತ್ತಿದ ಹಾಗೆ ಚಿಕ್ಕದಾಗಿ ಸುತ್ತಿಕೊಳ್ಳುತ್ತದೆ, ಡಿಕ್ಕಿಯಲ್ಲಿ ಒಣಮೀನಿಗೂ ಜಾಗ ಉಳಿಯುತ್ತದೆ.

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿ. ಜೂನ್-ಜುಲೈ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ ಇರುವ ಕಾಲ, ನಮ್ಮ ಗಾಳಿಯ ಹಲಗೆ ಯಾವ ಲೆಕ್ಕ. ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರು, ಅಲ್ಲಿಂದ 66ರ ಹೆದ್ದಾರಿಯಲ್ಲಿ ಉಡುಪಿ. ಸಂತೆಕಟ್ಟೆಯಲ್ಲಿ ಎಡಕ್ಕೆ ತಿರುಗಿ ಕೆಮ್ಮಣ್ಣು, ಹೂಡೆ ದಾಟಿದರೆ ಬೆಂಗ್ರೆ. ಒಂದು ದಿನ ಹೆಚ್ಚಿದ್ದರೆ ಮೂಲ್ಕಿಯ ಶಾಂಭವಿ ಹೊಳೆ ನೋಡಿ. ಅಲ್ಲೇ ಹತ್ತಿರದ ಸಸಿಹಿತ್ಲುವಿನಲ್ಲಿ 2024ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಪ್ಯಾಡಲ್ ಸ್ಪರ್ಧೆ ನಡೆದಿತ್ತು. ಆ ಕಡೆ ಬೋರ್ಡು ಹೊತ್ತು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ.

ಮನೆಗೆ ಬಂದ ಮೇಲೆ ಪೈಪು ಮತ್ತು ಮೂತಿಗಳನ್ನು ಸಿಹಿನೀರಲ್ಲಿ ತೊಳೆದು ಒಣಗಿಸಿದೆ. ಕೈಪಂಪು ಈಗ ಡಿಕ್ಕಿಯಿಂದ ಇಳಿಯುವುದೇ ಇಲ್ಲ. ಗ್ಲೋವ್ ಬಾಕ್ಸಿನಲ್ಲಿ ಧರ್ಮಸ್ಥಳದ ಕುಂಕುಮದ ಪೊಟ್ಟಣದ ಪಕ್ಕ 10 ಆಂಪಿಯರಿನ ಮೂರು ಫ್ಯೂಸ್, ಅವನ್ನು ಕೀಳಲು ಒಂದು ಚಿಮಟ ಇಟ್ಟಿದ್ದೇನೆ.