ಎರಡು ಡೈಮಂಡ್ ಅಂದರೆ ಆಟೀನು

ಬ್ರಿಡ್ಜ್‌ನಲ್ಲಿ ಜೊತೆಗಾರರು 15–17 ಪಾಯಿಂಟಿನ (ದೊಡ್ಡ ಎಲೆಗಳ ಲೆಕ್ಕ) ಒಂದು ನೋಟ್ರಂಪ್, ಅಂದರೆ ತುರುಪಿಲ್ಲದ ಆಟ, ಕರೆದಿದ್ದಾರೆ, ನಿಮ್ಮ ಕೈಯಲ್ಲಿ ಐದು ಆಟೀನು. ಎರಡು ಡೈಮಂಡ್ ಕರೆಯಿರಿ. ಅವರು ಎರಡು ಆಟೀನು ಕರೆಯಲೇಬೇಕು. ಐದು ಇಸ್ಪೀಟು ಇದ್ದರೆ ಎರಡು ಆಟೀನು ಕರೆಯಬೇಕು, ಅವರದು ಎರಡು ಇಸ್ಪೀಟು. ಅಮೆರಿಕದ ಆಟಗಾರ ಆಸ್ವಾಲ್ಡ್ ಜಾಕೋಬಿ 1956ರಲ್ಲಿ ಬರೆದ ಮೇಲೆ ಹಬ್ಬಿದ ಪದ್ಧತಿ ಇದು, ಹೆಸರು ಟ್ರಾನ್ಸ್‌ಫರ್.

ಲಾಭ ಎಲ್ಲಿದೆ ನೋಡಿ. ಆಟೀನನ್ನು ಮೊದಲು ಕರೆದದ್ದು ನೋಟ್ರಂಪ್ ಕರೆದ ಬಲವಾದ ಕೈ, ಹಾಗಾಗಿ ಆಡುವುದೂ ಅದೇ. ಆ ಕೈಯಲ್ಲಿ ಕಳಾವರ್ ರಾಜ, ಜೊತೆಗೊಂದು ಚಿಕ್ಕ ಎಲೆ ಇದೆ ಅನ್ನಿ. ಆ ಕೈ ಡಮ್ಮಿಯಾಗಿ ಮೇಜಿನ ಮೇಲೆ ಬಿಚ್ಚಿಕೊಂಡರೆ ಎದುರಾಳಿ ಮೊದಲು ಹಾಕಿದ ಕಳಾವರ್ ಎಲೆ ಈ ರಾಜನನ್ನು ಹಾದೇ ಹೋಗುತ್ತದೆ; ಅದರ ಹಿಂದೆ ಎಕ್ಕ, ರಾಣಿ ಹಿಡಿದು ಕೂತವರಿಗೆ ಎರಡು ಟ್ರಿಕ್, ಅಂದರೆ ಎರಡು ಸುತ್ತಿನ ಗೆಲುವು. ಅದೇ ಕೈ ಆಡುವ ಕೈಯಾದರೆ ಮೊದಲ ಸುತ್ತಿನಲ್ಲಿ ಅದರದೇ ಕೊನೆಯ ಎಲೆ, ರಾಜ ಬದುಕುತ್ತಾನೆ.

ಮುಂದೆ, ನಿಮ್ಮ ಕೈಯಲ್ಲಿ 7 ಪಾಯಿಂಟಿನವರೆಗೆ ಪಾಸ್, 8–9ಕ್ಕೆ ಎರಡು ನೋಟ್ರಂಪ್, 10 ಅಥವಾ ಹೆಚ್ಚಾದರೆ ಮೂರು. ಆರು ಆಟೀನು ಇದ್ದರೆ ಮೂರು ಅಥವಾ ನಾಲ್ಕು ಆಟೀನು.

ಎಡವುವುದು ಸಾಮಾನ್ಯವಾಗಿ ನೋಟ್ರಂಪ್ ಕರೆದವರೇ. ತಮ್ಮಲ್ಲಿ ಎರಡೇ ಆಟೀನು ಅಂತ ಎರಡು ನೋಟ್ರಂಪ್‌ಗೆ ಹಾರುತ್ತಾರೆ. ಜೊತೆಗಾರರ ಕೈಯಲ್ಲಿ ಸೊನ್ನೆ ಪಾಯಿಂಟ್ ಇರಬಹುದು. ಆ ಸಣ್ಣ ಆಟೀನುಗಳು ತುರುಪಾದರೆ ಮಾತ್ರ ಟ್ರಿಕ್ ತರುತ್ತವೆ. ಜೊತೆಗಾರರ ಮಾತಿಗೆ ನಮ್ಮ ಅಭಿಪ್ರಾಯ ಸೇರಿಸದೆ ಸುಮ್ಮನೆ ಪಾಲಿಸುವುದು ಎಷ್ಟು ಕಷ್ಟ ಅನ್ನಿಸುತ್ತದೆ! ಒಂದೇ ವಿನಾಯಿತಿ: ನೋಟ್ರಂಪ್ ಕರೆದವರಲ್ಲಿ ನಾಲ್ಕು ಆಟೀನು, 17 ಪಾಯಿಂಟ್ ಎರಡೂ ಇದ್ದರೆ ಮೂರು ಆಟೀನಿಗೆ ಜಿಗಿಯಬಹುದು.

ನಡುವೆ ಎದುರಾಳಿ ಬಾಯಿ ಹಾಕಿದರೆ ಟ್ರಾನ್ಸ್‌ಫರ್ ಉಳಿಯುತ್ತದೋ ಇಲ್ಲವೋ, ಎಲೆ ಹಂಚುವ ಮೊದಲೇ ಮಾತಾಡಿಕೊಂಡಿರಿ.