ಫ್ರೆಡರಿಕ್ಸ್‌ಬರ್ಗ್: ಗೋಡೆಗಳನ್ನು ಓದುತ್ತ ಒಂದು ದಿನ

ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್‌ನಿಂದ 290ನೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಸುಮಾರು 80 ಮೈಲಿ ಹೋದರೆ ಆ ಹೆದ್ದಾರಿಯೇ ಫ್ರೆಡರಿಕ್ಸ್‌ಬರ್ಗಿನ ಮೇನ್ ಸ್ಟ್ರೀಟ್ ಆಗುತ್ತದೆ. ಶನಿವಾರ ಹೋಗುವುದಾದರೆ ಬೆಳಿಗ್ಗೆ ಒಂಬತ್ತರೊಳಗೆ ಊರು ಸೇರಬೇಕು. ಹನ್ನೊಂದಾಯಿತೆಂದರೆ ರಸ್ತೆಯ ಎರಡೂ ಬದಿ ಕಾರು ತುಂಬಿರುತ್ತವೆ, ಅವುಗಳ ನಡುವೆ ಹೆದ್ದಾರಿಯ ಲಾರಿಗಳೂ ಹಾಯುತ್ತಿರುತ್ತವೆ. ಒಂದು ಬೀದಿ ಹಿಂದಕ್ಕೆ ಸರಿದು ಕಾರು ನಿಲ್ಲಿಸುವುದು ಒಳ್ಳೆಯದು. ಹಿಂದಿನ ಬೀದಿಗಳಿಂದ ನಡಿಗೆ ಶುರುಮಾಡಿದರೆ ಕಟ್ಟಡಗಳ ಬೆನ್ನು ಮೊದಲು ಕಾಣುತ್ತದೆ. ಈ ಊರಿನಲ್ಲಿ ನೋಡಬೇಕಾದ್ದು ಅದನ್ನೇ. ಮುಂಬದಿಯೆಲ್ಲ ವೈನ್ ರುಚಿ ನೋಡಿಸುವ ಅಂಗಡಿ, ಮಿಠಾಯಿ ಅಂಗಡಿ, ಬೂಟಿನಂಗಡಿ.

ದಾರಿ ತಪ್ಪುವ ಭಯವಿಲ್ಲ. ಊರಿನ ನಡುವಿನ ಆಡಮ್ಸ್ ಬೀದಿಯಿಂದ ಪೂರ್ವಕ್ಕೆ ನಡೆದರೆ ಅಡ್ಡಬೀದಿಗಳು ಆಡಮ್ಸ್, ಲಾನೊ, ಲಿಂಕನ್, ವಾಷಿಂಗ್ಟನ್, ಎಲ್ಕ್, ಲೀ, ಕೊಲಂಬಸ್, ಆಲಿವ್, ಮೆಸ್ಕೀಟ್, ಈಗಲ್ ಎಂದು ಬರುತ್ತವೆ. ಇಂಗ್ಲಿಷಿನಲ್ಲಿ ಮೊದಲಕ್ಷರ ಕೂಡಿಸಿದರೆ ‘ಆಲ್ ವೆಲ್‌ಕಮ್’. ಪಶ್ಚಿಮಕ್ಕೆ ಕ್ರಾಕೆಟ್‌ನಿಂದ ಹೊರಟರೆ ‘ಕಮ್ ಬ್ಯಾಕ್’. ಮೇನ್ ಸ್ಟ್ರೀಟ್ ಇಷ್ಟು ಅಗಲ ಇರುವುದು ಎತ್ತಿನ ಗಾಡಿ ಸಲೀಸಾಗಿ ತಿರುಗಲಿ ಎಂದು.

ಆ ಗಾಡಿಗಳು ಮೊದಲು ಬಂದದ್ದು 1846ರ ಮೇ 8ರಂದು. ನ್ಯೂ ಬ್ರೌನ್‌ಫೆಲ್ಸ್‌ನಿಂದ ಹದಿನಾರು ದಿನದ ಪಯಣ, ಸುಮಾರು 120 ಜನ. ಕರೆತಂದದ್ದು ಜರ್ಮನಿಯ ಕುಲೀನ ಮನೆತನದವರು ಸೇರಿ ಕಟ್ಟಿದ ಆಡೆಲ್ಸ್‌ಫೆರೈನ್ ಎಂಬ ವಲಸೆ ಸಂಘ; ಅದರ ಪರವಾಗಿ ಇಲ್ಲಿ ಊರು ಗುರುತು ಹಾಕಿದವನು ಜಾನ್ ಮೊಯ್ಸೆಬಾಖ್. ಊರಿಗೆ ಪ್ರಷ್ಯಾದ ರಾಜಕುಮಾರ ಫ್ರೆಡರಿಕ್‌ನ ಹೆಸರು. ಸಂಸಾರವೊಂದಕ್ಕೆ 320 ಎಕರೆ ಎಂದು ಸಂಘ ಮಾತು ಕೊಟ್ಟಿತ್ತು. ಆ ನೆಲ ಇದ್ದದ್ದು ಇನ್ನೂ ಉತ್ತರಕ್ಕೆ, ಕೊಮಾಂಚಿ ಎಂಬ ಮೂಲನಿವಾಸಿ ಜನರ ಸೀಮೆಯಲ್ಲಿ. ಸದ್ಯಕ್ಕೆ ಇಲ್ಲಿ ಸಿಕ್ಕಿದ್ದು ಊರೊಳಗೆ ಒಂದು ನಿವೇಶನ, ಊರಾಚೆ 10 ಎಕರೆ. ಮರುವರ್ಷ ಮೊಯ್ಸೆಬಾಖ್ ಕೊಮಾಂಚಿ ಮುಖಂಡರೊಂದಿಗೆ ಒಪ್ಪಂದ ಮಾಡಿಕೊಂಡ.

ಮಾರ್ಕ್ಟ್‌ಪ್ಲಾಟ್ಸ್ ಎಂಬ ಚೌಕದಲ್ಲಿ ಎಂಟು ಮೂಲೆಯ ಒಂದು ಕಟ್ಟಡವಿದೆ: ಫೆರೈನ್ಸ್ ಕಿರ್ಖೆ, ಅಂದರೆ ಸಂಘದ ಚರ್ಚು. ಊರಿನ ಫೋಟೊ ಎಂದರೆ ಎಲ್ಲರೂ ತೆಗೆಯುವುದು ಇದನ್ನೇ, ಆದರೆ ಇದು 1930ರ ದಶಕದ ನಕಲು. 1847ರ ಮೂಲ ಕಟ್ಟಡ ನಿಂತಿದ್ದು ಮೇನ್ ಸ್ಟ್ರೀಟಿನ ನಟ್ಟನಡುವೆ. ಪ್ರತಿ ಮುಖ 18 ಅಡಿ ಅಗಲ, 18 ಅಡಿ ಎತ್ತರ. ಲೆಕ್ಕ ಹಾಕಿದರೆ ಎದುರುಬದುರು ಗೋಡೆಗಳ ನಡುವೆ 43 ಅಡಿ ಚಿಲ್ಲರೆ. ಅಷ್ಟರಲ್ಲೇ ಎಲ್ಲ ಪಂಗಡದವರ ಪ್ರಾರ್ಥನೆ, ಶಾಲೆ, ಊರ ಸಭೆ, ಅಪಾಯ ಬಂದರೆ ಕೋಟೆ. ಆಕಾರ ನೋಡಿ ಊರವರು ಇಟ್ಟ ಅಡ್ಡಹೆಸರು ‘ಕಾಫಿ ಗಿರಣಿ’. ಕೈಯಲ್ಲಿ ತಿರುಗಿಸಿ ಕಾಫಿಬೀಜ ಪುಡಿಮಾಡುವ ಹಳೆಯ ಮಿಷನ್ ನೆನಪಿದ್ದವರಿಗೆ ಹೆಸರು ಎಷ್ಟು ಸರಿಯೆಂದು ತಕ್ಷಣ ತಿಳಿಯುತ್ತದೆ. ಊರಿಗೆ ಐವತ್ತು ತುಂಬಿದ ಹಬ್ಬ ಮುಗಿದದ್ದೇ ಅದನ್ನು ಕೆಡವಿದರು.

ಅಲ್ಲಿಂದ ಪಯೊನೀರ್ ಮ್ಯೂಸಿಯಂ ದೂರವಿಲ್ಲ. ಅದರ ಅಂಗಳದಲ್ಲಿರುವ ಕಾಮ್ಲಾ ಮನೆಗೆ ಕನಿಷ್ಠ ಒಂದು ಗಂಟೆ ಇಡಿ. 1849ರಲ್ಲಿ ಶುರುವಾಗಿ ಹಿಂದಕ್ಕೆ ಕೋಣೆ ಕೂಡಿಸುತ್ತ ಬೆಳೆದ ಮನೆ. ಮುಂದೆ ಅಂಗಡಿಯೂ ಇತ್ತು. ಈ ಊರಿನ ಹಳೆಯ ಮನೆಗಳಿಗೆ ಮೂರು ಬಗೆಯ ಗೋಡೆ: ಆತುರಕ್ಕೆ ದಿಮ್ಮಿ, ಆಮೇಲೆ ಫಾಖ್‌ವೆರ್ಕ್, ಕೈ ಕೂಡಿದ ಮೇಲೆ ಪೂರ್ತಿ ಕಲ್ಲು.

ಫಾಖ್‌ವೆರ್ಕ್ ಎಂದರೆ ಮರದ ಚೌಕಟ್ಟು, ನಡುವೆ ಕಲ್ಲಿನ ತುಂಬು. ಕಲ್ಲಿನ ಪಾಯದ ಮೇಲೆ ಅಡಿತೊಲೆ, ಅದರ ಮೇಲೆ ಕಂಬ, ಮೇಲ್ಗಡೆ ಅಡ್ಡತೊಲೆ, ಮೂಲೆಗಳಲ್ಲಿ ಓರೆಗಂಬ. ಒಂದರ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ಕುಳಿಗೆ ಕೂರಿಸಿ ಮರದ ಗೂಟ ಹೊಡೆಯುತ್ತಾರೆ. ಮೊಳೆ ಬೇಡ. ಚಾವಣಿಯ ಭಾರ ಹೊರುವುದು ಮರ. ಕಲ್ಲಿನ ಕೆಲಸ ಗಾಳಿ ಮಳೆ ತಡೆಯುವುದಷ್ಟೆ. ಓರೆಗಂಬ ತೆಗೆದರೆ ಚೌಕಟ್ಟು ಬೆಂಕಿಪೊಟ್ಟಣ ಒತ್ತಿದ ಹಾಗೆ ವಾಲುತ್ತದೆ. ಜರ್ಮನಿಯಲ್ಲಿ ಕಪ್ಪು ಮರ, ಬಿಳಿ ತುಂಬು ಎದ್ದು ಕಾಣುವಂತೆ ಬಿಡುವುದುಂಟು. ಇಲ್ಲಿ ಅನೇಕರು ಮೇಲೆ ಗಿಲಾವು ಮಾಡಿ ಸುಣ್ಣ ಬಳಿದಿದ್ದರು. ಇಲ್ಲಿ ಸಿಗುವ ಪೋಸ್ಟ್ ಓಕ್ ಗಟ್ಟಿ, ಆದರೆ ಗಿಡ್ಡ, ಅಂಕುಡೊಂಕು. ಉದ್ದನೆಯ ನೇರ ತೊಲೆ ಸಿಗುವುದು ಕಷ್ಟ. ಸುಣ್ಣದಕಲ್ಲಿಗೆ ಮಾತ್ರ ಬರವಿಲ್ಲ. ಹಾಗಾಗಿ ಬರಬರುತ್ತ ಒಂದೂವರೆ ಅಡಿ ದಪ್ಪದ ಕಲ್ಲುಗೋಡೆಯೇ ರೂಢಿಗೆ ಬಂತು.

ಹಾಳಾಗುವುದು ಎಲ್ಲಿ ಎಂದು ನೋಡಬೇಕಾದರೆ ಬಗ್ಗಬೇಕು. ಅಡಿತೊಲೆ ಮೊದಲು ಕೊಳೆಯುತ್ತದೆ, ಯಾಕೆಂದರೆ ವರ್ಷವರ್ಷ ಅಂಗಳದ ಮಣ್ಣು ಏರಿ ಸೂರಿನ ನೀರು ಅದಕ್ಕೇ ಸಿಡಿಯುತ್ತದೆ. ಎರಡನೆಯದು ಮರ ಒಣಗಿ ಕುಗ್ಗಿದಾಗ ಮರಕ್ಕೂ ಕಲ್ಲಿಗೂ ನಡುವೆ ಬಾಯಿಬಿಡುವ ಸಂದು. ಮೂರನೆಯದು ಮನುಷ್ಯರೇ ಮಾಡಿದ್ದು, ಸಿಮೆಂಟು.

ಹಳೆಯ ಗೋಡೆ ಕಟ್ಟಿದ್ದು ಸುಣ್ಣದ ಗಾರೆಯಲ್ಲಿ: ಸುಟ್ಟ ಸುಣ್ಣದಕಲ್ಲನ್ನು ನೀರಲ್ಲಿ ಅರಳಿಸಿ, ಒಂದಕ್ಕೆ ಎರಡೂವರೆಯೋ ಮೂರೋ ಪಾಲು ಮರಳು. ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸುತ್ತಿದ್ದ ನಮ್ಮ ಕಡೆಯ ಗಾರೆಗೆ ಇದು ನೆಂಟನೇ. ಗಾರೆ ಕಲ್ಲಿಗಿಂತ ಮೆದು. ಗೋಡೆ ಕುಡಿದ ನೀರು ಸಂದಿನ ಮೂಲಕ ಹೊರಗೆ ಆರಿಹೋಗುತ್ತದೆ, ಸವೆದರೆ ಗಾರೆ ಸವೆಯುತ್ತದೆ. ಅದೇ ಸಂದಿಗೆ ಸಿಮೆಂಟು ಮೆತ್ತಿದರೆ ನೀರಿಗೆ ದಾರಿ ಮೆದುಕಲ್ಲೊಂದೇ. ಒಳಗಿನ ಲವಣ ಕಲ್ಲಿನ ಮುಖದ ಹಿಂದೆ ಹರಳುಗಟ್ಟಿ ಚಕ್ಕೆ ಎಬ್ಬಿಸುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟುವ ರಾತ್ರಿಗಳು ಉಳಿದದ್ದನ್ನು ಮುಗಿಸುತ್ತವೆ. ಕೆಲವು ವರ್ಷಕ್ಕೆ ಕಲ್ಲು ಒಳಗೆ ಕುಸಿದು, ಸಿಮೆಂಟಿನ ಬೂದು ಗೆರೆಗಳು ಮಾತ್ರ ಜೇನುಹುಟ್ಟಿನ ಅಂಚಿನಂತೆ ಮುಂದೆ ಚಾಚಿರುತ್ತವೆ. ಊರಿನ ಅಡ್ಡಬೀದಿಗಳಲ್ಲಿ ಗೋಡೆಯ ಬುಡಕ್ಕೆ ಕಣ್ಣಿಟ್ಟು ನಡೆದರೆ ಇಂಥ ಗೆರೆ ಹುಡುಕಬಹುದು.

ರಿಪೇರಿ ಮಾಡುವ ಕ್ರಮ ಸರಳ, ತಾಳ್ಮೆ ಬೇಕು ಅಷ್ಟೆ. ಸಂದಿನ ಅಗಲದ ಎರಡರಷ್ಟು ಆಳಕ್ಕೆ ಹಳೆಯದನ್ನು ಉಳಿಯಿಂದ ಕೆರೆದು ತೆಗೆಯಬೇಕು. ಗ್ರೈಂಡರ್ ತಗುಲಿಸಿದರೆ ಕಲ್ಲಿನ ಅಂಚೇ ಹೋಗುತ್ತದೆ. ಆಮೇಲೆ ಗೋಡೆಗೆ ನೀರು ಚಿಮುಕಿಸಿ, ಸುಣ್ಣದ ಗಾರೆಯನ್ನು ಪದರ ಪದರವಾಗಿ ಒತ್ತಿ, ಒದ್ದೆ ಗೋಣಿತಾಟು ಇಳಿಬಿಡಬೇಕು. ಟೆಕ್ಸಸ್ಸಿನ ಬಿಸಿಲಲ್ಲಿ ಗೋಣಿ ಮರೆತರೆ ಗಾರೆ ಒಂದೇ ದಿನಕ್ಕೆ ಪುಡಿ ಪುಡಿ.

ಮಧ್ಯಾಹ್ನದ ಊಟಕ್ಕೆ ಜರ್ಮನ್ ಹೋಟೆಲುಗಳಿವೆ. ಸಸ್ಯಾಹಾರಿಗಳಿಗೊಂದು ಮಾತು: ಬಿಸಿ ಆಲೂಗಡ್ಡೆ ಸಲಾಡಿನಲ್ಲಿ ಸಾಮಾನ್ಯವಾಗಿ ಬೇಕನ್ ಇರುತ್ತದೆ, ಹುಳಿ ಎಲೆಕೋಸಿನ ಸೌರ್‌ಕ್ರೌಟ್‌ನಲ್ಲೂ ಇರಬಹುದು. ಕೇಳಿಯೇ ಹೇಳಬೇಕು. ಉಪ್ಪು ಪ್ರೆಟ್ಜೆಲ್, ಆಲೂಗಡ್ಡೆ ದೋಸೆ ನೆಚ್ಚಬಹುದು, ಯಾವ ಎಣ್ಣೆಯಲ್ಲಿ ಕರಿದರು ಎಂದು ಕೇಳುವ ಮನಸ್ಸಿದ್ದರೆ ಅದನ್ನೂ ಕೇಳಿ.

ಹಳೆಯ ನಿಮಿಟ್ಜ್ ಹೋಟೆಲು ಹಡಗಿನ ಮೂತಿಯಂತಿದೆ. ಎರಡನೇ ಮಹಾಯುದ್ಧದ ಅಡ್ಮಿರಲ್ ಚೆಸ್ಟರ್ ನಿಮಿಟ್ಜ್ 1885ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಪೆಸಿಫಿಕ್ ಯುದ್ಧದ ದೊಡ್ಡ ಮ್ಯೂಸಿಯಂ ಅಲ್ಲಿದೆ. ಅದಕ್ಕೆ ಅರ್ಧ ದಿನ ಬೇಕು, ಗೋಡೆ ನೋಡುವ ದಿನಕ್ಕೆ ಸೇರಿಸಬೇಡಿ. ಉತ್ತರಕ್ಕಿರುವ ಎನ್‌ಚಾಂಟೆಡ್ ರಾಕ್ ಎಂಬ ಗುಲಾಬಿ ಗ್ರಾನೈಟ್ ಗುಡ್ಡಕ್ಕೂ ಅದೇ ಮಾತು. ಮುಂಗಡ ಕಾಯ್ದಿರಿಸದೆ ಹೋದರೆ ವಾರಾಂತ್ಯದಲ್ಲಿ ಗೇಟಿನಿಂದಲೇ ವಾಪಸ್ಸು ಬರಬೇಕಾದೀತು.

ಬದಲಿಗೆ ಅಡ್ಡಬೀದಿಗಳಲ್ಲಿ ಸಂಡೇ ಹೌಸ್ ಹುಡುಕಿ. ಮೈಲಿಗಟ್ಟಲೆ ದೂರದ ಹೊಲಗಳಲ್ಲಿದ್ದ ರೈತರು ಶನಿವಾರ ಸಂತೆಗೆ, ಭಾನುವಾರ ಚರ್ಚಿಗೆ ಬಂದಾಗ ಒಂದು ರಾತ್ರಿ ತಂಗಲು ಕಟ್ಟಿಕೊಂಡ ಪುಟ್ಟ ಮನೆ. ಮುಂದೆ ಜಗಲಿ, ಒಳಗೆ ಒಂದೋ ಎರಡೋ ಕೋಣೆ, ಮೇಲೆ ಮಕ್ಕಳು ಮಲಗುವ ಅಟ್ಟ. ಗುರುತು ಹಿಡಿಯುವುದು ಅಟ್ಟಕ್ಕೆ ಹೊರಗಿನಿಂದ ಹತ್ತುವ ಏಣಿಮೆಟ್ಟಿಲಿನಿಂದ: ಒಳಗೆ ಮೆಟ್ಟಿಲಿಟ್ಟರೆ ಇದ್ದ ಕೋಣೆಯ ಕಾಲುಭಾಗ ಅದೇ ನುಂಗುತ್ತಿತ್ತು. ವಯಸ್ಸಾದವರು ಜಮೀನು ಮಕ್ಕಳಿಗೆ ಬಿಟ್ಟು ಇಲ್ಲಿಗೇ ಬಂದು ಇರುವುದೂ ಇತ್ತು. ಕಾರು, ಒಳ್ಳೆ ರಸ್ತೆ ಬಂದ ಮೇಲೆ ರಾತ್ರಿ ತಂಗುವ ಅಗತ್ಯವೇ ಉಳಿಯಲಿಲ್ಲ. ಈಗ ಹಲವು ಬಾಡಿಗೆ ತಂಗುಮನೆಗಳು. ಜಗಲಿ ಹತ್ತಿ ಇಣುಕಬೇಡಿ, ಒಳಗೆ ಜನ ಇರುತ್ತಾರೆ. ಒಳಗೂ ನೋಡಬೇಕೆಂದರೆ ಮ್ಯೂಸಿಯಂ ಅಂಗಳದಲ್ಲೇ ವೆಬರ್ ಸಂಡೇ ಹೌಸ್ ಇದೆ.

ಬಿಸಿಲು ಓರೆಯಾಗುವ ಹೊತ್ತಿಗೆ ಸೇಂಟ್ ಮೇರೀಸ್ ಚರ್ಚಿನ ಹತ್ತಿರ ಇರಿ. 1863ರ ಹಳೆಯ ಮಾರಿಯೆನ್‌ಕಿರ್ಖೆ, 1908ರ ಹೊಸ ಚರ್ಚು ಅಕ್ಕಪಕ್ಕದಲ್ಲಿ ನಿಂತಿವೆ. ಓರೆ ಬೆಳಕಿಗೆ ಕಲ್ಲಿನ ಉಬ್ಬುತಗ್ಗು, ಸಂದಿನ ನೆರಳು ಎದ್ದು ಕಾಣುತ್ತವೆ. ಮೊದಲು ಹಳೆಯ ಗೋಡೆಯ ಹತ್ತಿರ ನಿಂತು ಕಲ್ಲುಗಳ ಗಾತ್ರ, ಸಾಲು, ಸಂದಿನ ಬಣ್ಣ ನೋಡಿಕೊಳ್ಳಿ, ಆಮೇಲೆ ಪಕ್ಕದ್ದಕ್ಕೆ ಹೋಗಿ. ನಡುವೆ ನಲವತ್ತೈದು ವರ್ಷ, ಹತ್ತಾರು ಹೆಜ್ಜೆ.